ಹಳ್ಳ ನೀರನ್ನಷ್ಟೇ ತರುವುದಿಲ್ಲ

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರ ಮುಟ್ಟುವಷ್ಟರಲ್ಲಿ ಎಷ್ಟೋ ಕಾಡುಹಳ್ಳಗಳನ್ನು ಕೂಡಿಸಿಕೊಂಡಿರುತ್ತದೆ. ಮಳೆಗಾಲದಲ್ಲಿ ಈ ಹಳ್ಳಗಳ ಬಗ್ಗೆ ಎಲ್ಲರೂ ಕೇಳುವುದು ನೀರು ಎಷ್ಟು ಏರಿದೆ ಎಂದು. ಬೆಳಗಾವಿಯಿಂದ ಜಾಂಬೋಟಿ, ಚೋರ್ಲಾ ಘಾಟದ ಕಡೆ ಓಡಾಡುವವರು ಇನ್ನೂ ಒಂದು ಮಾತು ಕೇಳಬೇಕು: ಆ ನೀರು ಏನನ್ನು ಹೊತ್ತು ಬರುತ್ತಿದೆ?

ನುಣ್ಣನೆಯ ಜೇಡಿ ನೀರಿನಲ್ಲಿ ತೇಲುತ್ತ ಸಾಗುತ್ತದೆ. ಹಳ್ಳ ಕೆಂಪಾಗುವುದು ಇದರಿಂದಲೇ. ಮರಳು ತಳದಲ್ಲಿ ಪುಟಿಯುತ್ತ, ಗುಂಡುಕಲ್ಲು ಉರುಳುತ್ತ ಬರುತ್ತವೆ. ಬೇಸಿಗೆಯಲ್ಲಿ ಒಣಗಿದ ಹಳ್ಳಕ್ಕೆ ಇಳಿದು ನೋಡಿ, ಮೇಲೆಲ್ಲ ದಪ್ಪ ಕಲ್ಲುಗಳೇ. ಸಣ್ಣವು ಕೊಚ್ಚಿಹೋದ ಮೇಲೆ ಉಳಿದ ಈ ಕಲ್ಲುಹಾಸು ತನ್ನ ಕೆಳಗಿನ ಮರಳು, ಗರಸನ್ನು ಕಾಯುತ್ತದೆ. ಸಾಧಾರಣ ಪ್ರವಾಹಕ್ಕೆ ಅದು ಜಗ್ಗುವುದಿಲ್ಲ. ಆದರೆ ನೀರಿನ ವೇಗ ಇಮ್ಮಡಿಯಾದರೆ ಅದು ಸರಿಸಬಲ್ಲ ಕಲ್ಲಿನ ತೂಕ, ಜಲಶಾಸ್ತ್ರದ ಹಳೆಯ ಲೆಕ್ಕದಂತೆ, 64 ಪಟ್ಟಾಗುತ್ತದೆ. ಹಾಸು ಒಮ್ಮೆ ಕಿತ್ತುಹೋದರೆ ಅಡಿಯಲ್ಲಿದ್ದದ್ದೆಲ್ಲ ಒಟ್ಟಿಗೇ ಹೊರಡುತ್ತದೆ.

ಹಳ್ಳಕ್ಕೆ ಅಡ್ಡ ಬಿದ್ದ ಮರಗಳನ್ನು ಕಸವೆಂದು ಬಗೆಯಬಾರದು. ಭೀಮಗಡದಂಥ ಕಾಡಿನಲ್ಲಿ ಅವು ಸಣ್ಣ ಒಡ್ಡುಗಳಂತೆ ಕೆಲಸ ಮಾಡುತ್ತವೆ: ಹಿಂದೆ ಮಣ್ಣು ತುಂಬುತ್ತದೆ, ಮುಂದೆ ಮಡು ಬೀಳುತ್ತದೆ, ನೀರಿನ ಬಿರುಸು ತಗ್ಗುತ್ತದೆ. ಅಪಾಯವಿರುವುದು ಬೊಡ್ಡೆ, ಕೊಂಬೆ, ಮಣ್ಣು ಕೂಡಿ ಹಳ್ಳವನ್ನೇ ಕಟ್ಟಿ, ಆ ಕಟ್ಟೆ ತಟ್ಟನೆ ಒಡೆದಾಗ. ರಸ್ತೆಯ ಮೋರಿಯಲ್ಲಿ ಹೀಗೆ ಸಿಕ್ಕಿಕೊಂಡರಂತೂ ನೀರು ರಸ್ತೆಯನ್ನೇ ಕೊರೆದು ಹೊಸ ದಾರಿ ಹಿಡಿಯುತ್ತದೆ. ಮಳೆಗೆ ಮುಂಚೆ ಮೊದಲು ಬಿಡಿಸಬೇಕಾದದ್ದು ಕಾಡಿನ ಒಳಗಿನ ಮರಗಳನ್ನಲ್ಲ, ಮೋರಿಯ ಬಾಯನ್ನು.

ಕಡಿದಾದ ಕಣಿವೆಯಲ್ಲಿ ಗುಡ್ಡ ಕುಸಿದು ಹಳ್ಳಕ್ಕೆ ಬಿದ್ದರೆ ಬರುವುದು ನೆರೆಯಲ್ಲ, ಕಲ್ಲು, ಮಣ್ಣು, ಮರ ಬೆರೆತ ಹರಿಯುವ ರಾಡಿ. ನೀರಿಗಿಂತ ಸುಮಾರು ಇಮ್ಮಡಿ ತೂಕದ್ದು. ಕೊಡಗಿನ ಜೋಡುಪಾಲ 2018ರ ಆಗಸ್ಟ್‌ನಲ್ಲಿ ಇದನ್ನು ಕಂಡಿತು. ವಯನಾಡಿನಲ್ಲಿ 2024ರ ಜುಲೈ 30ರಂದು ಇಂಥ ರಾಡಿ ಹೊಳೆಗುಂಟ ಸುಮಾರು 8 ಕಿ.ಮೀ. ಇಳಿದು ಮುಂಡಕ್ಕೈ, ಚೂರಲ್‌ಮಲೆಗಳನ್ನು ಅಳಿಸಿಹಾಕಿತು. ಒಂದು ಕುಸಿತವಾಗಿ ಕೆಲವು ತಾಸಿನೊಳಗೆ ಇನ್ನೊಂದು ಬಂತು. ಖಾನಾಪುರ ತಾಲ್ಲೂಕಿನ ಬಹುಭಾಗ ಅಷ್ಟು ಕಡಿದಲ್ಲ. ಗೋವೆಯತ್ತ ಇಳಿಯುವ ಅಂಚಿನ ಮಾತು ಬೇರೆ: 2021ರ ಜುಲೈ 23ರಂದು ಕ್ಯಾಸಲ್‌ರಾಕ್ ಆಚೆ, ದೂಧಸಾಗರ–ಸೋನಾಲಿಯಂ ನಡುವೆ, ಗುಡ್ಡ ಕುಸಿದು ಮಂಗಳೂರು–ಮುಂಬೈ ರೈಲು ಹಳಿ ತಪ್ಪಿತು.

ಹಳ್ಳದ ದಂಡೆಯಲ್ಲಿರುವಾಗ ಕಿವಿ, ಕಣ್ಣು ಎರಡೂ ಚುರುಕಾಗಿರಲಿ. ನೀರು ಒಮ್ಮೆಲೇ ದಟ್ಟ ಕೆಂಪಾದರೆ, ಹಸಿ ಎಲೆ, ಬೇರುಸಹಿತ ಗಿಡ ತೇಲಿಬಂದರೆ, ತಳದಲ್ಲಿ ಕಲ್ಲಿಗೆ ಕಲ್ಲು ಬಡಿಯುವ ಸದ್ದು ಕೇಳಿದರೆ ತಡಮಾಡಬಾರದು. ಎಲ್ಲಕ್ಕಿಂತ ಹೆದರಬೇಕಾದದ್ದು, ಮಳೆ ಸುರಿಯುತ್ತಿದ್ದರೂ ಹರಿವು ಇಳಿಯುವುದು. ಮೇಲೆಲ್ಲೋ ಹಳ್ಳ ಕಟ್ಟಿಕೊಂಡಿರಬಹುದು. ಹಲವರು ಅದನ್ನೇ ದಾಟಲು ಒಳ್ಳೆಯ ಹೊತ್ತೆಂದು ತಿಳಿಯುತ್ತಾರೆ. ಹಳ್ಳದಗುಂಟ ಕೆಳಕ್ಕೆ ಓಡದೆ, ಮಗ್ಗುಲಿನ ಗಟ್ಟಿ ಏರನ್ನು ಹತ್ತಿ. ಮೊಬೈಲ್ ಸಿಗ್ನಲ್ ಸಿಕ್ಕೊಡನೆ 112ಕ್ಕೆ ತಿಳಿಸಿ.

ಮುಳುಗಿದ ಸೇತುವೆಯ ಮೇಲೆ ನೀರು ಮೊಣಕಾಲಿನಷ್ಟೇ ಇದೆಯೆಂದು ಕಾರು ಇಳಿಸುವುದಂತೂ ಬೇಡವೇ ಬೇಡ. ರಭಸವಿದ್ದರೆ ಒಂದು ಅಡಿ ನೀರೇ ಸಣ್ಣ ಕಾರನ್ನು ಸರಿಸಬಲ್ಲದು, ಕೆಂಪು ನೀರಿನಡಿ ರಸ್ತೆ ಉಳಿದಿದೆಯೇ ಎಂಬುದೂ ಕಾಣುವುದಿಲ್ಲ. ಪ್ರವಾಹ ಇಳಿದ ಮರುದಿನ ಮೊದಲು ನೋಡಬೇಕಾದದ್ದು ಸೇತುವೆಯ ಎರಡೂ ತುದಿಗಳ ಮಣ್ಣು: ಕಟ್ಟಡ ನೆಟ್ಟಗೆ ನಿಂತಿದ್ದರೂ ಅದಕ್ಕೆ ಆತುಕೊಂಡ ರಸ್ತೆಯ ಒಡಲು ಪೊಳ್ಳಾಗಿರಬಹುದು. ಡಾಂಬರಿನಲ್ಲಿ ಹೊಸ ಬಿರುಕು ಅಥವಾ ತಗ್ಗು ಕಂಡರೆ, ಎಂಜಿನಿಯರು ಬಂದು ನೋಡುವ ತನಕ ಬಸ್ಸು, ಲಾರಿಗಳನ್ನು ಅದರ ಮೇಲೆ ಬಿಡಬಾರದು.