ಹತ್ತಾರು ಖಾತೆ, ಒಂದೇ ಸರ್ವರ್: ಚರ್ಚಾ ತಂತ್ರಾಂಶದ ಆಯ್ಕೆಯಲ್ಲಿ ತಪ್ಪು ಕಲ್ಪನೆ ಮತ್ತು ವಾಸ್ತವ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇರುವುದು ಒಂದೇ ಸರ್ವರ್. ಗ್ರಂಥಾಲಯದ ಕೋಹಾ ತಂತ್ರಾಂಶ ಅದರಲ್ಲೇ ಓಡಬೇಕು, ವಿದ್ಯಾರ್ಥಿಗಳ ಪ್ರೋಗ್ರಾಮಿಂಗ್ ಖಾತೆಗಳೂ ಅದರಲ್ಲೇ ಇರಬೇಕು. ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಚರ್ಚಿಸಲು ಅದೇ ಸರ್ವರ್ ಮೇಲೆ ಒಂದು ತಂತ್ರಾಂಶ ಹಾಕೋಣ ಎಂದು ಕುಳಿತಾಗ ನಾವೆಲ್ಲ ಒಂದೊಂದು ನಂಬಿಕೆ ಹಿಡಿದುಕೊಂಡು ಬಂದಿದ್ದೆವು. ಎರಡು ಸಲ ಎಡವಿದೆವು, ಮೂರನೆಯ ಸಲಕ್ಕೆ ಸರಿಹೋಯಿತು. ಅವೇ ನಂಬಿಕೆಗಳು ಇಂದಿಗೂ ಬೇರೆ ಕಾಲೇಜುಗಳಿಂದ, ಸಂಘಗಳಿಂದ ಕೇಳಿಬರುತ್ತವೆ. ಅದಕ್ಕೇ ಈ ಬರಹ.

ತಪ್ಪು ಕಲ್ಪನೆ: ಎಲ್ಲರ ಕೈಯಲ್ಲೂ ವಾಟ್ಸ್‌ಆ್ಯಪ್ ಇದೆ, ಒಂದು ಗುಂಪು ಮಾಡಿದರೆ ಮುಗಿಯಿತು ಎನ್ನುವುದು.

ವಾಸ್ತವ: ನಾಳೆ ಲ್ಯಾಬ್ ಇಲ್ಲ ಎಂದು ತಿಳಿಸಲು ಅದು ಸಾಕು. ಆದರೆ ತಿಳಿಸುವುದು ಬೇರೆ, ಚರ್ಚಿಸುವುದು ಬೇರೆ. ಗುಂಪಿನಲ್ಲಿ ಮಾತೆಲ್ಲ ಒಂದೇ ಸಾಲಿನಲ್ಲಿ ಹರಿಯುತ್ತದೆ. ಸೋಮವಾರ ಒಬ್ಬ ಹುಡುಗಿ ತನ್ನ ಪ್ರಾಜೆಕ್ಟಿನ ತೊಡಕು ಕೇಳಿದಳು. ನಡುವೆ ಒಬ್ಬರ ಹುಟ್ಟುಹಬ್ಬ ಬಂತು, ಪರೀಕ್ಷೆಯ ವೇಳಾಪಟ್ಟಿ ಬಂತು. ಗುರುವಾರ ಮೇಷ್ಟ್ರು ಉತ್ತರ ಬರೆದಾಗ ಅದು ಯಾವ ಪ್ರಶ್ನೆಗೆ ಎಂದು ಯಾರಿಗೂ ತಿಳಿಯಲಿಲ್ಲ. ಇನ್ನೊಂದು ದೊಡ್ಡ ಕೊರತೆ, ಆ ಮಾತು ಉಳಿದಿರುವುದು ಅವರವರ ಫೋನಿನಲ್ಲಿ. ಮುಂದಿನ ವರ್ಷ ಸೇರಿದ ಹುಡುಗರು ಅದೇ ಪ್ರಶ್ನೆಯನ್ನು ಮೊದಲಿಂದ ಕೇಳಿದರು.

ತಪ್ಪು ಕಲ್ಪನೆ: ತಂತ್ರಾಂಶವೇ ಬೇಡ, ಎಲ್ಲರೂ ತೆರೆದು ಬರೆಯಬಹುದಾದ ಒಂದು ಫೈಲ್ ಇಟ್ಟರೆ ಸಾಕು ಎನ್ನುವುದು.

ವಾಸ್ತವ: ಇದು ನಮ್ಮ ಮೊದಲ ಎಡವಟ್ಟು. ಹಂಚಿಕೆಯ ಒಂದು ಕಡತದಲ್ಲಿ ಪ್ರಶ್ನೆಗಳ ಕೆಳಗೆ ಉತ್ತರ ಬರೆಯುತ್ತಾ ಹೋದೆವು. ಒಂದು ಮಧ್ಯಾಹ್ನ ಯಾರದೋ ಕೈತಪ್ಪಿನಿಂದ ಎರಡು ವಾರದ ಉತ್ತರಗಳು ಅಳಿಸಿಹೋದವು. ಯಾರು ಅಳಿಸಿದರೆಂದು ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳುವ ದಾರಿಯೂ ಇರಲಿಲ್ಲ.

ಇದೇ ಪಾಡು ಅರ್ಧ ಶತಮಾನದ ಹಿಂದೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲೂ ಆಗಿತ್ತು. ಅಲ್ಲಿನ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ನೂರಾರು ಮಂದಿ ಒಟ್ಟಿಗೆ ಬಳಸುತ್ತಿದ್ದರು. ವ್ಯವಸ್ಥೆಯ ದೋಷಗಳನ್ನು ತಿಳಿಸಲು ಎಲ್ಲರಿಗೂ ತೆರೆದ ಒಂದು ಫೈಲ್ ಇತ್ತು. ಯಾರ ಹೆಸರಿನಲ್ಲಿ ಯಾರು ಬೇಕಾದರೂ ಬರೆಯಬಹುದಿತ್ತು, ಯಾರು ಬೇಕಾದರೂ ಅಳಿಸಬಹುದಿತ್ತು. ಕೆಲವರು ತಮಾಷೆಗೆಂದು ಇಡೀ ಫೈಲನ್ನೇ ಅಳಿಸಿದ್ದೂ ಉಂಟು. 1973ರಲ್ಲಿ ಡೇವಿಡ್ ವುಲ್ಲಿ ಎಂಬ 17ರ ಹುಡುಗ ಇದಕ್ಕೆ ಪರಿಹಾರವಾಗಿ ಪ್ಲೇಟೋ ನೋಟ್ಸ್ ಬರೆದ. ಬರೆದವರ ಹೆಸರು, ದಿನಾಂಕ, ಸಮಯವನ್ನು ವ್ಯವಸ್ಥೆಯೇ ನಮೂದಿಸುತ್ತಿತ್ತು. ಪ್ರತಿ ಟಿಪ್ಪಣಿಗೆ ಅದರದೇ ಉತ್ತರಗಳು, ಹೆಚ್ಚೆಂದರೆ 63, ಅದರ ಬೆನ್ನಿಗೇ ಅಂಟಿಕೊಂಡಿರುತ್ತಿದ್ದವು. ಮುಂದೆ ಬಂದ ಲೋಟಸ್ ನೋಟ್ಸ್‌ಗೂ ಇದೇ ಪ್ರೇರಣೆ. ಯಾವ ತಂತ್ರಾಂಶ ಕಂಡರೂ ನಾವು ಮೊದಲು ನೋಡಬೇಕಾದದ್ದು ಇವೆರಡನ್ನೇ: ಬರೆದವರು ಯಾರೆಂದು ಖಚಿತವಾಗಿ ತಿಳಿಯುತ್ತದೆಯೇ, ಉತ್ತರ ತನ್ನ ಪ್ರಶ್ನೆಯ ಜೊತೆಗೇ ಇರುತ್ತದೆಯೇ.

ತಪ್ಪು ಕಲ್ಪನೆ: ಸೌಲಭ್ಯ ಹೆಚ್ಚಿದ್ದಷ್ಟೂ ತಂತ್ರಾಂಶ ಒಳ್ಳೆಯದು ಎನ್ನುವುದು.

ವಾಸ್ತವ: ಇದು ಎರಡನೆಯ ಎಡವಟ್ಟು. ಪದಕ, ಅಂಕ, ವಿಡಿಯೋ ಕರೆ ಎಲ್ಲ ಇದ್ದ ಒಂದನ್ನು ಹಾಕಿದೆವು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹುಡುಗರೆಲ್ಲ ಅದರೊಳಗೆ ಹೋದರೆ, ಅತ್ತ ಗ್ರಂಥಾಲಯದ ಕೌಂಟರಿನಲ್ಲಿ ಪುಸ್ತಕ ಕೊಡುವ ಪರದೆ ಸ್ತಬ್ಧ. ಸರ್ವರಿನ ಮೆಮೊರಿ ಎಷ್ಟಿದೆ, ತಂತ್ರಾಂಶ ಎಷ್ಟು ಕೇಳುತ್ತದೆ ಎಂದು ನಾವು ನೋಡಿಯೇ ಇರಲಿಲ್ಲ. ತಪ್ಪು ನಮ್ಮದೇ. ಡಿಸ್ಕೋರ್ಸ್ ಎಂಬ ಚರ್ಚಾ ತಂತ್ರಾಂಶದ ಕೈಪಿಡಿಯಲ್ಲಿ ಕನಿಷ್ಠ 1 ಜಿಬಿ ಮೆಮೊರಿ ಬೇಕೆಂದು ಸ್ಪಷ್ಟವಾಗಿ ಬರೆದಿರುತ್ತದೆ. ಪಿಎಚ್‌ಪಿಬಿಬಿ ಎಂಬ ಇನ್ನೊಂದು ಅದಕ್ಕಿಂತ ಕಡಿಮೆಯಲ್ಲೇ ನಡೆಯುತ್ತದೆ. ಯಂತ್ರ ಒಬ್ಬರದೇ ಆಗಿದ್ದರೆ ಧಾರಾಳವಾಗಿ ಬಳಸಬಹುದು, ಹತ್ತು ಮಂದಿಯದಾದರೆ ಪಕ್ಕದವರ ಪಾಲನ್ನೂ ಲೆಕ್ಕ ಹಾಕಬೇಕು.

ತಪ್ಪು ಕಲ್ಪನೆ: ಮುಕ್ತ ತಂತ್ರಾಂಶ ಪುಕ್ಕಟೆ, ಆದ್ದರಿಂದ ಖರ್ಚೇ ಇಲ್ಲ ಎನ್ನುವುದು.

ವಾಸ್ತವ: ಪರವಾನಗಿಗೆ ದುಡ್ಡಿಲ್ಲ, ನೋಡಿಕೊಳ್ಳುವುದಕ್ಕೆ ಆಳು ಬೇಕು. ಒಂದು ಸಲ ಹಾಕಿ ಕೈಬಿಟ್ಟರೆ ಅಡಿಪಾಯವೇ ಹಳತಾಗುತ್ತದೆ. ಇಮೇಲ್ ಚರ್ಚಾಪಟ್ಟಿಯ ತಂತ್ರಾಂಶ ಮೇಲ್‌ಮ್ಯಾನ್‌ನ ಎರಡನೆಯ ಆವೃತ್ತಿ ನಿಂತಿದ್ದು ಪೈಥಾನ್ 2ರ ಮೇಲೆ. 2020ರ ಜನವರಿ 1ಕ್ಕೆ ಪೈಥಾನ್ 2ರ ಬೆಂಬಲವೇ ನಿಂತಿತು. ಆಯ್ಕೆಗೆ ಮುಂಚೆ ವಾರಕ್ಕೆ ಒಂದೆರಡು ಗಂಟೆ ಕೊಡುವವರ ಹೆಸರನ್ನು ಗೊತ್ತುಮಾಡಿಕೊಳ್ಳಿ. ಹೆಸರು ಸಿಗದಿದ್ದರೆ ತಂತ್ರಾಂಶ ಬೇಡ.

ತಪ್ಪು ಕಲ್ಪನೆ: ಮೂಲ ಸಂಕೇತ ಎಲ್ಲರಿಗೂ ಕಾಣುವುದರಿಂದ ಕಳ್ಳರಿಗೆ ದಾರಿ ತೋರಿಸಿದಂತೆ ಎನ್ನುವುದು.

ವಾಸ್ತವ: ದೋಷ ಕಳ್ಳರಿಗೆ ಕಾಣುವಂತೆ ಸರಿಪಡಿಸುವವರಿಗೂ ಕಾಣುತ್ತದೆ. ಅಪಾಯ ಬರುವುದು ಹೆಚ್ಚಾಗಿ ಪರಿಹಾರ ಬಂದ ಮೇಲೂ ಅಪ್‌ಡೇಟ್ ಮಾಡದೆ ಕುಳಿತಾಗ.

ತಪ್ಪು ಕಲ್ಪನೆ: ಇಂಥ ತಂತ್ರಾಂಶಗಳಿಗೆ ಕನ್ನಡ ಒಗ್ಗುವುದಿಲ್ಲ, ಇಂಗ್ಲಿಷಿನಲ್ಲೇ ಬರೆಯಬೇಕು ಎನ್ನುವುದು.

ವಾಸ್ತವ: ನಮ್ಮ ಕನ್ನಡ ವಿಭಾಗದವರು ಈ ಮಾತು ಕೇಳಿಯೇ ದೂರ ಉಳಿದಿದ್ದರು. ಅವರ ಅನುಮಾನಕ್ಕೆ ಕಾರಣವೂ ಇತ್ತು. ಹಿಂದೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಅದು ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳ ಸಮಸ್ಯೆ. ಈಗ ಯೂನಿಕೋಡ್‌ನಲ್ಲಿ ಬರೆದರೆ ಆ ತೊಂದರೆಯಿಲ್ಲ.

ಎರಡು ಕಡೆ ಮಾತ್ರ ಎಚ್ಚರ ಬೇಕು. ಮೊದಲನೆಯದು ಡೇಟಾಬೇಸ್. ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8 ಸಂಯೋಜನೆಯಲ್ಲಿ ಒಂದು ಸಂಕೇತಕ್ಕೆ 3 ಬೈಟ್ ಮಾತ್ರ ಜಾಗ. ಕನ್ನಡದ ಸಂಕೇತಗಳು 3 ಬೈಟ್‌ನವು, ಅಲ್ಲಿ ಹಿಡಿಯುತ್ತವೆ. ಹೆಚ್ಚಿನ ಇಮೋಜಿಗಳಿಗೆ 4 ಬೈಟ್ ಬೇಕು. ಕಟ್ಟುನಿಟ್ಟಿನ ತಪಾಸಣೆ ಇಲ್ಲದ ಕಡೆ ಒಂದು ನಗುಮುಖ ಹಾಕಿದರೆ ಅಲ್ಲಿಂದ ಮುಂದಿನ ಮಾತೆಲ್ಲ ಕತ್ತರಿಸಿಹೋಗುತ್ತದೆ. ಅರ್ಧಕ್ಕೆ ನಿಂತ ಕನ್ನಡ ವಾಕ್ಯ ನೋಡಿ ನಾವು ಕನ್ನಡವನ್ನೇ ದೂರಿದೆವು. ಯುಟಿಎಫ್8ಎಂಬಿ4 ಎಂಬ ಸಂಯೋಜನೆಗೆ ಬದಲಿಸಿದ ದಿನವೇ ಅದು ನಿಂತಿತು.

ಎರಡನೆಯದು ಹುಡುಕಾಟ. ಸಾಫ್ಟ್‌ವೇರ್ ಎಂದು ಬರೆಯುವವರು ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಿರುತ್ತಾರೆ. ಸಾಫ್ಟ್ವೇರ್ ಎಂದು ಒತ್ತು ಸೇರಿಸಿ ಬರೆಯುವವರು ಹಾಕಿರುವುದಿಲ್ಲ. ನಮಗೆ ಎರಡೂ ಒಂದೇ ಪದ, ಯಂತ್ರಕ್ಕೆ ಬೇರೆ ಬೇರೆ. ಆರಿಸುವ ಮುಂಚೆ ಈ ಪದವನ್ನು ಎರಡೂ ರೀತಿಯಲ್ಲಿ ಬರೆದು, ಒಂದರಿಂದ ಇನ್ನೊಂದನ್ನು ಹುಡುಕಿ ನೋಡಿ. ಐದು ನಿಮಿಷದ ಈ ಪರೀಕ್ಷೆ ಜಾಹೀರಾತು ಹೇಳದ್ದನ್ನು ಹೇಳುತ್ತದೆ.

ತಪ್ಪು ಕಲ್ಪನೆ: ಸರ್ವರ್ ನೋಡಿಕೊಳ್ಳುವವರಿಗೆ ಎಲ್ಲರ ಪಾಸ್‌ವರ್ಡ್ ಗೊತ್ತಿರುತ್ತದೆ ಎನ್ನುವ ಗಾಳಿಸುದ್ದಿ.

ವಾಸ್ತವ: ಇದರಲ್ಲಿ ಅರ್ಧ ನಿಜವಿದೆ, ಅದಕ್ಕೇ ತಳ್ಳಿಹಾಕಬಾರದು. ಒಳ್ಳೆಯ ತಂತ್ರಾಂಶಗಳು ಪಾಸ್‌ವರ್ಡನ್ನು ಹಾಗೆಯೇ ಇಡುವುದಿಲ್ಲ, ತಿರುಗಿ ಮೂಲಕ್ಕೆ ತರಲಾಗದಂತೆ ಬದಲಿಸಿ ಇಡುತ್ತವೆ. ಮರೆತಾಗ ಹಳೆಯದನ್ನೇ ಮೇಲ್‌ನಲ್ಲಿ ಕಳಿಸುವ ತಂತ್ರಾಂಶ ಕಂಡರೆ ಬಿಟ್ಟುಬಿಡಿ. ಆದರೆ ಇಬ್ಬರ ನಡುವಿನ ಖಾಸಗಿ ಸಂದೇಶಗಳು ಹೆಚ್ಚಿನ ಚರ್ಚಾ ತಂತ್ರಾಂಶಗಳಲ್ಲಿ ಡೇಟಾಬೇಸಿನಲ್ಲಿ ತೆರೆದೇ ಇರುತ್ತವೆ. ನಿರ್ವಾಹಕರು ಮನಸ್ಸು ಮಾಡಿದರೆ ಓದಬಹುದು. ವಿದ್ಯಾರ್ಥಿಗಳಿಗೆ ಇದನ್ನು ಮೊದಲ ದಿನವೇ ಹೇಳಬೇಕು. ನಾವು ಹೇಳಿದ್ದು ತಡವಾಗಿ, ಅದಕ್ಕಾಗಿ ಅವರ ಕ್ಷಮೆಯನ್ನೂ ಕೇಳಿದೆವು.

ತಪ್ಪು ಕಲ್ಪನೆ: ದೊಡ್ಡ ಕಂಪನಿಯ ಸೇವೆಯಲ್ಲಿಟ್ಟರೆ ನಮ್ಮ ಚರ್ಚೆ ಶಾಶ್ವತವಾಗಿ ಇರುತ್ತದೆ ಎನ್ನುವುದು.

ವಾಸ್ತವ: ಆರ್ಕುಟ್ ಜಾಲತಾಣ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಕನ್ನಡದ ಎಷ್ಟೋ ಸಮುದಾಯಗಳ ಹರಟೆ, ಜಗಳ, ಪುಸ್ತಕದ ಮಾತು ಅದರೊಂದಿಗೆ ಹೋಯಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ನಿಂತಿತು. ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ 2022ರ ಸೆಪ್ಟೆಂಬರ್‌ನಿಂದ ಕಾಣುವುದು ಕೊನೆಯ 90 ದಿನದ ಮಾತು ಮಾತ್ರ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ ಯೂಸ್‌ನೆಟ್ ಎಂಬ ಚರ್ಚಾ ಜಾಲಕ್ಕೆ ಒಬ್ಬ ಒಡೆಯನಿರಲಿಲ್ಲ. ಸಂದೇಶಗಳು ಸರಳ ಪಠ್ಯದಲ್ಲಿ ಹಲವು ಯಂತ್ರಗಳಿಗೆ ಹಂಚಿಹೋಗುತ್ತಿದ್ದವು. ಅದರಲ್ಲಿ ಕರ್ನಾಟಕದ ಹೆಸರಿನದೇ ಒಂದು ಗುಂಪಿತ್ತು. ಹೊರನಾಡಿನ ಕನ್ನಡಿಗರು ಅಲ್ಲಿ ಬರೆದದ್ದರಲ್ಲಿ ಎಷ್ಟೋ ಇವತ್ತೂ ಹುಡುಕಿದರೆ ಸಿಗುತ್ತದೆ.

ಹಾಗೆಂದು ಸ್ವಂತ ಸರ್ವರ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಡಿಸ್ಕ್ ಕೆಡುತ್ತದೆ. ಈಗ ನಾವು ಪ್ರತಿ ತಿಂಗಳು ಇಡೀ ಚರ್ಚೆಯನ್ನು ಹೊರತೆಗೆದು, ಇನ್ನೊಂದು ಕೋಣೆಯ ಹಳೆಯ ಕಂಪ್ಯೂಟರಿನಲ್ಲಿ ಮೊದಲಿಂದ ಸ್ಥಾಪಿಸಿ, ಮೂರು ಹಳೆಯ ಪ್ರಶ್ನೆಗಳನ್ನು ತೆರೆದು ನೋಡುತ್ತೇವೆ. ಅವುಗಳಲ್ಲಿ ಒಂದು ಯಾವಾಗಲೂ ಕನ್ನಡದ್ದು, ಇಮೋಜಿ ಇರುವುದು.