ಮನೆಬಾಗಿಲಿಗೆ ಬಂದ ಪದವಿ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿಗೆ ಹೋದವರಿಗೆ ಅಲ್ಲಿನ ಸರ್ಕಾರಿ ಶಾಲೆಯ ಹೊಸ ಕಟ್ಟಡವನ್ನು ತೋರಿಸದೆ ಕಳುಹಿಸುವುದಿಲ್ಲ. ವೈದ್ಯರಾದ ಡಾ. ಎಚ್.ಎಂ. ವೆಂಕಟಪ್ಪನವರು ಸುಮಾರು 14 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿಸಿಕೊಟ್ಟ ಕಟ್ಟಡವದು. ಮಗುವಾಗಿ ಸೇರಿದವರು ಎರಡು ವರ್ಷದ ಪದವಿಪೂರ್ವ ಶಿಕ್ಷಣವನ್ನೂ ಅದೇ ಆವರಣದಲ್ಲಿ ಮುಗಿಸಬೇಕೆಂಬುದು ಕರ್ನಾಟಕ ಪಬ್ಲಿಕ್ ಶಾಲೆಗಳ ಉದ್ದೇಶ. ಅಲ್ಲಿಂದ ಮುಂದೆ?

ಮುಂದಿನದು ಬಸ್ಸಿನ ದಾರಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣ ಉಳಿದಿದೆಯೆಂಬುದು ನಿಜವೇ. ಆದರೆ ದಾರಿಯಲ್ಲಿ ಕಳೆಯುವ ಹೊತ್ತಿಗೆ ರಿಯಾಯಿತಿ ಇಲ್ಲ. ರೇಷ್ಮೆ ಬೆಳೆಯುವ ಸೀಮೆಯಿದು. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಮನೆಯ ಒಂದು ಜೊತೆ ಕೈಯೂ ಬಿಡುವಾಗಿರುವುದಿಲ್ಲ. ಇಂಥ ಮನೆಗಳಿಗೆ ‘ಕುಳಿತಲ್ಲೇ ಪದವಿ’ ಎಂಬ ಮಾತು ಹಿತವಾಗಿ ಕೇಳಿಸುವುದು ಸಹಜ. ಕಿವಿಗೆ ಹಿತವಾದುದನ್ನೆಲ್ಲ ನಂಬುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರುವುದು ಲೇಸು.

ಮೊದಲನೆಯದು, ಆ ಎರಡು ವರ್ಷಗಳ ಲೆಕ್ಕ. ಅಮೆರಿಕದಲ್ಲಿ ಎರಡು ವರ್ಷದ ಕಾಲೇಜು ಮುಗಿಸಿದವನು ವಿಶ್ವವಿದ್ಯಾನಿಲಯಕ್ಕೆ ವರ್ಗವಾಗಿ, ನಾಲ್ಕು ವರ್ಷದ ಪದವಿಯ ಉಳಿದರ್ಧವನ್ನಷ್ಟೇ ಓದುವ ಪದ್ಧತಿ ಉಂಟು. ವಿದೇಶದಲ್ಲಿರುವ ನೆಂಟರಿಂದ ಇದನ್ನು ಕೇಳಿದವರು ನಮ್ಮ ಪಿಯುಸಿಯೂ ಹಾಗೆಯೇ ಎಂದು ತಿಳಿಯುವುದುಂಟು. ಹಾಗಲ್ಲ. ಪಿಯುಸಿ ಪದವಿಯ ಹೊಸ್ತಿಲೇ ಹೊರತು ಅದರ ಭಾಗವಲ್ಲ. ಅದನ್ನು ದಾಟಿದವರು ಆನ್‌ಲೈನ್ ಪದವಿಗೆ ಸೇರಿದರೂ ಮೊದಲ ವರ್ಷದಿಂದಲೇ ಆರಂಭಿಸಬೇಕು.

ಪದವಿ ಕಾಲೇಜಿಗೆ ಸೇರಿ, ಎರಡು ವರ್ಷ ಓದಿ, ಮದುವೆಯೋ ನೌಕರಿಯೋ ಅಡ್ಡ ಬಂದು ನಿಲ್ಲಿಸಿದವರ ಸ್ಥಿತಿ ಬೇರೆ. ಅಂಥವರಿಗಾಗಿ 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಎಂಬ ಏರ್ಪಾಡು ಬಂದಿತು. ಉತ್ತೀರ್ಣವಾದ ವಿಷಯಗಳ ಕ್ರೆಡಿಟ್ಟುಗಳು ಠೇವಣಿಯಂತೆ ಅಲ್ಲಿ ಜಮೆಯಾಗಿ, ಗರಿಷ್ಠ 7 ವರ್ಷ ಉಳಿಯುತ್ತವೆ. ಆದರೆ ಠೇವಣಿ ಇದೆಯೆಂದ ಮಾತ್ರಕ್ಕೆ ಎಲ್ಲ ಅಂಗಡಿಯಲ್ಲೂ ಅದೇ ನಾಣ್ಯ ಚಲಾವಣೆಯಾಗದು. ಎಷ್ಟನ್ನು ಒಪ್ಪಬೇಕೆಂಬುದನ್ನು ಸೇರಿಸಿಕೊಳ್ಳುವ ವಿಶ್ವವಿದ್ಯಾನಿಲಯ ತನ್ನ ಪಠ್ಯಕ್ರಮಕ್ಕೆ ಹೋಲಿಸಿ ನಿರ್ಧರಿಸುತ್ತದೆ. ಶುಲ್ಕ ಕಟ್ಟುವ ಮುನ್ನವೇ ಆ ನಿರ್ಧಾರವನ್ನು ಬರಹದಲ್ಲಿ ಪಡೆಯುವುದು ಜಾಣತನ. ಫೋನಿನಲ್ಲಿ ಸಿಹಿಯಾಗಿ ಮಾತನಾಡುವ ಪ್ರತಿನಿಧಿಯ ‘ಆಗುತ್ತದೆ ಮೇಡಂ’ ಎಂಬುದು ಬರಹವಲ್ಲ.

ಎರಡನೆಯದೇ ಎಲ್ಲಕ್ಕಿಂತ ಮುಖ್ಯವಾದುದು: ಮಾನ್ಯತೆ. ದೂರಶಿಕ್ಷಣ ನಮ್ಮ ನಾಡಿಗೆ ಹೊಸತೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತ್ತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಎಷ್ಟೋ ಶಿಕ್ಷಕರು, ಗುಮಾಸ್ತರು, ಗೃಹಿಣಿಯರು ಅದರ ಮೂಲಕವೇ ಪದವೀಧರರಾದರು. ಅಂಥ ಸಂಸ್ಥೆಗೂ ಗ್ರಹಣ ಹಿಡಿಯಿತು. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸು ನಡೆಸಿದುದೇ ಮೊದಲಾದ ಕಾರಣಗಳಿಂದ, 2012–13ರ ಅನಂತರ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ 2015ರಲ್ಲಿ ಸಾರಿತು. 2018ರಲ್ಲಿ ಮಾನ್ಯತೆ ಮರಳಿತು. ನಡುವಿನ ವರ್ಷಗಳಲ್ಲಿ ಶುಲ್ಕ ತೆತ್ತು, ರಾತ್ರಿ ಓದಿ, ಪರೀಕ್ಷೆ ಬರೆದವರು ಅಂಕಪಟ್ಟಿ ಹಿಡಿದು ಕಾದು ಕುಳಿತ ಕಷ್ಟವನ್ನು ಯಾವ ಆದೇಶ ತಾನೇ ತುಂಬಿಕೊಟ್ಟೀತು?

ಆದಕಾರಣ ಸಂಸ್ಥೆಯ ಹೆಸರು ದೊಡ್ಡದೋ ಚಿಕ್ಕದೋ ಎಂದಷ್ಟೇ ನೋಡಿದರೆ ಸಾಲದು. ಸೇರುವ ವರ್ಷಕ್ಕೆ, ಸೇರುವ ಕೋರ್ಸಿಗೆ, ಆನ್‌ಲೈನ್ ವಿಧಾನಕ್ಕೇ ಆಯೋಗದ ಅನುಮತಿ ಇದೆಯೇ ಎಂದು ಅದರ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ನೋಡಬೇಕು. ಅನುಮತಿ ಇದ್ದಲ್ಲಿ ಅದು ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮವೆಂದು 2022ರಲ್ಲಿ ಆಯೋಗವೇ ಸ್ಪಷ್ಟಪಡಿಸಿದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಇವು ಆ ಪಟ್ಟಿಯಲ್ಲಿ ಇರಲಾರವು. ಇವೆಯೆಂದು ಜಾಹೀರಾತು ಕೊಡುವವರಿಂದ ದೂರವಿರುವುದೇ ಕ್ಷೇಮ. 2024ರಿಂದ ಪ್ರತಿ ವಿದ್ಯಾರ್ಥಿಯೂ ಮಂಡಳಿಯ ಜಾಲತಾಣದಲ್ಲಿ ಸ್ವತಃ ಗುರುತಿನ ಸಂಖ್ಯೆ ಪಡೆದೇ ಸೇರಬೇಕೆಂಬ ನಿಯಮ ಬಂದಿದೆ.

ಇಷ್ಟಾದ ಮೇಲೆ ಉಳಿಯುವುದು ಮನೆಯೊಳಗಿನ ಪ್ರಶ್ನೆ. ಕಾಲೇಜಿಗೆ ಹೊರಟ ಹುಡುಗಿಯನ್ನು ಯಾರೂ ಅಂಗಳದಿಂದ ಕೂಗಿ ಕರೆಯುವುದಿಲ್ಲ. ಫೋನಿನ ಮುಂದೆ ಕುಳಿತವಳನ್ನು ಗಳಿಗೆಗೊಮ್ಮೆ ಕರೆಯುತ್ತಾರೆ. ಅವಳು ಪಾಠ ಕೇಳುತ್ತಿದ್ದಾಳೆಂಬುದು ಅಜ್ಜಿಗೆ ಹೇಗೆ ತಿಳಿಯಬೇಕು? ಗ್ರಂಥಾಲಯವಿಲ್ಲ, ಪಕ್ಕದ ಬೆಂಚಿನ ಗೆಳತಿಯಿಲ್ಲ. ದಿನಕ್ಕೆರಡು ಗಂಟೆಯಾದರೂ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಅವಳದೇ ಆದ ಫೋನು ಅಥವಾ ಕಂಪ್ಯೂಟರು, ಕೈಕೊಡದ ಜಾಲಸಂಪರ್ಕ ಇವಿಷ್ಟನ್ನು ಪ್ರವೇಶಪತ್ರ ತುಂಬುವ ಮೊದಲೇ ಹಿರಿಯರು ಒಪ್ಪಿ ಕೊಟ್ಟಿರಬೇಕು. ಹಾಗೆಯೇ, ಪರೀಕ್ಷೆಯ ವಾರದಲ್ಲೇ ಹುಳು ಹಣ್ಣಾದರೆ ಚಂದ್ರಿಕೆಯ ಕೆಲಸಕ್ಕೆ ಅವಳ ಬದಲು ಯಾರು ನಿಲ್ಲುವರೆಂಬುದನ್ನೂ.