ಬಾಣಂತನವೂ ಅಂಗಸಾಧನೆಯೂ

ಹೆರಿಗೆಯೆಂಬುದು ಹೆಣ್ಣಿಗೆ ಪುನರ್ಜನ್ಮವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದರಲ್ಲಿ ಅತಿಶಯೋಕ್ತಿಯೇನೂ ಇಲ್ಲ. ಒಂಬತ್ತು ತಿಂಗಳು ಹಿಗ್ಗಿದ ಉದರ, ಭಾರ ಹೊತ್ತ ಬೆನ್ನು, ಸಡಿಲಗೊಂಡ ಸಂಧಿಗಳು, ರಕ್ತವನ್ನು ಕಳೆದುಕೊಂಡ ಶರೀರ, ಇವೆಲ್ಲವೂ ಚೇತರಿಸಿಕೊಳ್ಳಬೇಕಾದರೆ ಕಾಲವೂ ಬೇಕು, ಪ್ರಯತ್ನವೂ ಬೇಕು. ಆದರೆ ಮಗು ಹುಟ್ಟಿದ ಕೂಡಲೆ ಮನೆಯವರೆಲ್ಲರ ಕಣ್ಣು ತೊಟ್ಟಿಲಿನ ಕಡೆಗೆ ತಿರುಗುವುದು. ತೊಟ್ಟಿಲು ತೂಗುವವಳ ದೇಹಸ್ಥಿತಿ ಹೇಗಿದೆಯೆಂದು ವಿಚಾರಿಸುವವರು ವಿರಳ. ವಿಚಾರಿಸಿದರೂ ‘ಹೊಟ್ಟೆ ಇಳಿಯಿತೇ?’ ಎಂಬುದೊಂದೇ ಪ್ರಶ್ನೆ.

ಹೆಂಗಸರ ಈ ವಿಷಯವನ್ನು ಕುರಿತು ಮುದುಕ ಉಪಾಧ್ಯಾಯನೊಬ್ಬನು ಬರೆಯುವುದೇಕೆಂದು ಸೋದರಿಯರು ಕೇಳಬಹುದು. ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದು ನನ್ನನ್ನು ಇದಕ್ಕೆ ಪ್ರೇರಿಸಿತು. ಸಂಬಂಧಪಟ್ಟವರ ಒಪ್ಪಿಗೆಯನ್ನು ಪಡೆದೇ ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತನವು ಶಾಸ್ತ್ರೋಕ್ತವಾಗಿಯೇ ನಡೆಯಿತು: ಎಣ್ಣೆನೀರು, ಲೇಹ, ಮೆಣಸಿನ ಸಾರು, ಕಿವಿಗೆ ಹತ್ತಿ, ಹೊಟ್ಟೆಗೆ ಹಳೆಯ ಸೀರೆಯ ಬಿಗಿ ಕಟ್ಟು. ನಾಲ್ಕು ತಿಂಗಳು ಕಳೆದರೂ ಹುಡುಗಿ ಮನೆಯಿಂದ ಹೊರಗೆ ಹೊರಡಲೊಲ್ಲಳು. ದೇವಸ್ಥಾನಕ್ಕೆ ಕರೆದರೂ ಒಂದು ನೆಪ, ಮದುವೆಗೆ ಕರೆದರೂ ಒಂದು ನೆಪ. ಇದು ಸೋಮಾರಿತನವೆಂದೇ ನಾನು ತಿಳಿದೆ. ಒಂದು ದಿನ, ‘ಎದ್ದು ನಾಲ್ಕು ಹೆಜ್ಜೆ ಓಡಾಡಬಾರದೇ ತಾಯಿ? ಮೈ ಹಗುರಾದೀತು’ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಅವಳು ಉತ್ತರ ಕೊಡದೆ ಕಣ್ಣೀರು ಹಾಕಿದಳು.

ಆ ರಾತ್ರಿ ನನ್ನ ಪತ್ನಿ ಕಾರಣವನ್ನು ತಿಳಿಸಿದಳು. ಕೆಮ್ಮಿದರೆ, ನಕ್ಕರೆ, ಮಗುವನ್ನು ಎತ್ತಿಕೊಂಡರೆ, ಮೂತ್ರವು ತಡೆಯದೆ ಜಾರುತ್ತಿತ್ತು. ನಾಲ್ವರೆದುರಿಗೆ ಅಪಮಾನವಾದೀತೆಂಬ ಭಯದಿಂದ ಅವಳು ಕೋಣೆಯನ್ನೇ ಹಿಡಿದಿದ್ದಳು. ವೈದ್ಯರಿಗೆ ತೋರಿಸಬಾರದೇಕೆಂದು ಕೇಳಿದೆ. ‘ಇದಕ್ಕೆಲ್ಲ ಡಾಕ್ಟರೇ? ಹೆತ್ತವರಿಗೆ ಇದ್ದದ್ದೇ. ನನಗೂ ಇವಳು ಹುಟ್ಟಿದಾಗಿನಿಂದ ಹಾಗೇ ಇದೆ, ನಿಮಗೆ ಹೇಳಿದೆನೇ?’ ಎಂದಳು. ಇವಳು ಹುಟ್ಟಿ ಇಪ್ಪತ್ತೊಂಬತ್ತು ವರ್ಷ! ಕಾವ್ಯಗಳಲ್ಲಿ ನಾಯಿಕೆಯ ಮನೋಭಾವಗಳನ್ನು ಬಗೆಬಗೆಯಾಗಿ ವಿವರಿಸಿದ ನನಗೆ, ಒಂದೇ ಸೂರಿನಡಿಯ ಈ ಕಷ್ಟವು ತಿಳಿದಿರಲಿಲ್ಲ.

ಮರುವಾರ ತಾಯಿಮಗಳಿಬ್ಬರೂ ವೈದ್ಯೆಯನ್ನು ಕಂಡರು. ಇದು ಬಚ್ಚಿಡಬೇಕಾದ ದೋಷವೂ ಅಲ್ಲ, ಸಹಿಸಬೇಕಾದ ಹಣೆಬರಹವೂ ಅಲ್ಲ. ಕಿಬ್ಬೊಟ್ಟೆಯ ತಳದಲ್ಲಿ ಮೂತ್ರಕೋಶ, ಗರ್ಭಕೋಶಗಳನ್ನು ತೊಟ್ಟಿಲಿನಂತೆ ಹೊತ್ತಿರುವ ಸ್ನಾಯುಗಳು ಹೆರಿಗೆಯಲ್ಲಿ ಹಿಗ್ಗಿ ಬಲಗುಂದಿರುವುದೇ ಇದಕ್ಕೆ ಕಾರಣ. ಅಂಗಸಾಧನೆಯಿಂದ ಬಹು ಮಂದಿಗೆ ಇದು ಗುಣವಾಗುತ್ತದೆ ಇಲ್ಲವೆ ಕಡಮೆಯಾಗುತ್ತದೆ ಎಂದು ಆಕೆ ತಿಳಿಸಿದರು. ಅಂದಿನಿಂದ ಬಾಣಂತಿಯ ದೇಹಪಾಲನೆಯನ್ನು ಕುರಿತು ನಾನು ಕೇಳಿ, ಓದಿ ತಿಳಿದ ವಿಷಯಗಳನ್ನು ಇಲ್ಲಿ ಸಂಗ್ರಹಿಸಿದ್ದೇನೆ.

ಮೊದಲು ನಮ್ಮ ಬಾಣಂತನದ ಗುಣದೋಷಗಳನ್ನು ನೋಡೋಣ. ಹೆತ್ತವಳಿಗೆ ವಿಶ್ರಾಂತಿ, ಬಿಸಿಯೂಟ, ತಾಯಿಯ ಆರೈಕೆ, ಇವು ಕೈಬಿಡತಕ್ಕವುಗಳಲ್ಲ. ಸುಶ್ರುತಸಂಹಿತೆಯು ಸೂತಿಕೆಯ ಪಥ್ಯಕಾಲವನ್ನು ಒಂದೂವರೆ ತಿಂಗಳೆಂದು ಗಣಿಸುತ್ತದೆ. ಇಂದಿನ ವೈದ್ಯರೂ ಆರನೆಯ ವಾರದಲ್ಲಿ ತಾಯಿಯನ್ನು ಪರೀಕ್ಷಿಸಬೇಕೆನ್ನುತ್ತಾರೆ. ಎರಡು ಲೆಕ್ಕಗಳಿಗೂ ಅಂತರ ಮೂರೇ ದಿನ! ಆದರೆ ವಿಶ್ರಾಂತಿಯೆಂದರೆ ಸದಾ ಮಲಗಿಯೇ ಇರುವುದಲ್ಲ. ಅಲುಗಾಡದೆ ಮಲಗಿದವಳ ಕಾಲಿನ ರಕ್ತನಾಳಗಳಲ್ಲಿ ರಕ್ತವು ಹೆಪ್ಪುಗಟ್ಟುವ ಅಪಾಯ ಹೆಚ್ಚು. ಆದುದರಿಂದ ವೈದ್ಯರು ಬೇಡವೆನ್ನದಿದ್ದರೆ ಬೇಗನೆ ಎದ್ದು ಮನೆಯೊಳಗೆ ಮೆಲ್ಲನೆ ಓಡಾಡುವುದು ಹಿತಕರ. ಹಾಲೂಡುವವಳಿಗೆ ನೀರು ಕೊಡದಿರುವ ಪದ್ಧತಿಯೂ, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವ ಪದ್ಧತಿಯೂ ಹಾನಿಕರವಾದವು. ಸೊಂಟಕ್ಕೆ ಹಿತವಾಗುವಷ್ಟು ಬಟ್ಟೆ ಕಟ್ಟಿದರೆ ಬಾಧಕವಿಲ್ಲ. ಉಸಿರು ಕಟ್ಟುವಂತೆ ಬಿಗಿಯಬಾರದು. ಸ್ನಾಯುವಿಗೆ ಬಲ ಬರುವುದು ಸಾಧನೆಯಿಂದಲೇ ಹೊರತು ಸೀರೆಯ ಕಟ್ಟಿನಿಂದಲ್ಲ.

ಇನ್ನು ಸಾಧನೆಗಳು. ಇವುಗಳಲ್ಲಿ ಮೊದಲನೆಯದು ಮೇಲೆ ಹೇಳಿದ ತಳದ ಸ್ನಾಯುಗಳಿಗೆ ಸಂಬಂಧಪಟ್ಟುದು. 1948ರಲ್ಲಿ ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ ಎಂಬವರು ಇದನ್ನು ಕುರಿತು ಲೇಖನವನ್ನು ಪ್ರಕಟಿಸಿದುದರಿಂದ ಇದಕ್ಕೆ ಅವರ ಹೆಸರೇ ರೂಢಿಯಾಗಿದೆ. ಘೇರಂಡಸಂಹಿತೆಯಲ್ಲಿ ಹೇಳಿರುವ ಅಶ್ವಿನೀಮುದ್ರೆಯು ಇದನ್ನು ಸ್ವಲ್ಪಮಟ್ಟಿಗೆ ಹೋಲುತ್ತದೆ. ಮೂತ್ರವನ್ನೂ ಅಪಾನವಾಯುವನ್ನೂ ಒಟ್ಟಿಗೆ ತಡೆಯುವಾಗ ಆಗುವಂತೆ ಆ ಭಾಗವನ್ನು ಒಳಕ್ಕೆ, ಮೇಲಕ್ಕೆ ಸೆಳೆದು, ನಾಲ್ಕೈದು ಎಣಿಸುವವರೆಗೆ ಹಿಡಿದು, ಪೂರ್ತಿಯಾಗಿ ಸಡಿಲಿಸಬೇಕು. ಉಸಿರು ಹಿಡಿಯಬಾರದು. ಒಂದು ಹೊತ್ತಿಗೆ 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು ಇದನ್ನು ಮಾಡಬೇಕು. ಮಗುವಿಗೆ ಹಾಲೂಡುತ್ತಲೇ ಮಾಡಬಹುದಾದ ಸಾಧನೆಯಿದು. ಆದರೆ ಮೂತ್ರ ವಿಸರ್ಜಿಸುತ್ತಿರುವಾಗಲೇ ನಡುವೆ ತಡೆದು ಅಭ್ಯಾಸ ಮಾಡಬಾರದು.

ಎರಡನೆಯದು ಉದರದ ಸಾಧನೆ. ಗರ್ಭವು ಬೆಳೆಯುವಾಗ ಹೊಟ್ಟೆಯ ಮುಂಭಾಗದ ಎರಡು ನೀಳ ಸ್ನಾಯುಗಳು ನಡುವೆ ಅಗಲುತ್ತವೆ. ಹೆರಿಗೆಯ ಬಳಿಕ ಅವು ಕ್ರಮವಾಗಿ ಹತ್ತಿರವಾಗಬೇಕು. ಬೆನ್ನಮೇಲೆ ಮಲಗಿ, ಮೊಣಕಾಲು ಮಡಿಚಿ, ತಲೆಯನ್ನು ತುಸು ಎತ್ತಿದಾಗ ಹೊಟ್ಟೆಯ ನಡುವೆ ಏಣು ಉಬ್ಬಿದರೆ ಅವು ಇನ್ನೂ ಕೂಡಿಲ್ಲವೆಂದು ತಿಳಿಯಬಹುದು. ಅಂಥವರು ಮಲಗಿದಲ್ಲಿಂದ ಒಮ್ಮೆಲೆ ಎದ್ದು ಕೂರುವಂಥ ಕಠಿನ ಸಾಧನೆಗಳನ್ನು ಬಿಟ್ಟು, ಉಸಿರು ಬಿಡುತ್ತಾ ಕಿಬ್ಬೊಟ್ಟೆಯನ್ನು ಮೆಲ್ಲನೆ ಒಳಕ್ಕೆ ಸೆಳೆಯುವುದರಿಂದ ಆರಂಭಿಸಬೇಕು.

ಮೂರನೆಯದು ನಡಿಗೆ, ಖರ್ಚಿಲ್ಲ, ಗುರುವಿನ ಅಗತ್ಯವಿಲ್ಲ. ಹೆರಿಗೆಯಾದ ಸ್ತ್ರೀಯರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಇದು ಮೊದಲ ದಿನದ ಪಾಠವಲ್ಲ, ಕ್ರಮೇಣ ಮುಟ್ಟಬೇಕಾದ ಗುರಿ. ಹತ್ತು ನಿಮಿಷದಿಂದ ಆರಂಭಿಸಿ ವಾರವಾರಕ್ಕೆ ಹೆಚ್ಚಿಸಿಕೊಂಡರೆ ಸಾಕು.

ಯೋಗಾಸನ, ವ್ಯಾಯಾಮಶಾಲೆ, ಓಟ, ಮೊಬೈಲಿನಲ್ಲಿ ಕಾಣುವ ನಾನಾ ಕಸರತ್ತುಗಳು, ಇವು ಆಮೇಲಿನವು. ಓಟ, ಕುಣಿತಗಳನ್ನು ಮೊದಲ ಮೂರು ತಿಂಗಳಲ್ಲಿ ಆರಂಭಿಸದಿರುವುದು ಲೇಸು. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದವರು ಆರು ವಾರ ಮಗುವಿಗಿಂತ ಭಾರವಾದುದನ್ನು ಎತ್ತದೆ, ವೈದ್ಯರ ಅನುಮತಿ ಪಡೆದೇ ಮುಂದುವರಿಯಬೇಕು.

ಇಷ್ಟರಲ್ಲಿ ತನಗೆ ಒಪ್ಪುವುದಾವುದೆಂದು ಆರಿಸಿಕೊಳ್ಳುವ ಬಗೆ ಹೇಗೆ? ನಮ್ಮ ವೈದ್ಯೆ ಮೂರು ಪ್ರಶ್ನೆಗಳನ್ನು ಹೇಳಿಕೊಟ್ಟರು. ಗಾಯ ಮಾಯ್ದಿದೆಯೇ? ಸಾಧನೆ ಮಾಡುವಾಗ ನೋವಾಗಲಿ, ಮೂತ್ರದ ಸೋರಿಕೆಯಾಗಲಿ, ಹೊಟ್ಟೆಯಲ್ಲಿ ಉಬ್ಬಾಗಲಿ ಕಾಣುವುದೇ? ಇಂದು ಮಾಡಿದುದನ್ನು ನಾಳೆಯೂ ಮಾಡುವ ಶಕ್ತಿ ಉಳಿಯುವುದೇ? ಉತ್ತರ ಸರಿಯಾಗಿದ್ದರೆ ಮುಂದಿನ ಹೆಜ್ಜೆ, ಇಲ್ಲವಾದರೆ ಹಿಂದಿನ ಪಾಠ. ನೆರೆಮನೆಯವಳು ಎರಡು ತಿಂಗಳಲ್ಲಿ ಸಣ್ಣಗಾದಳೆಂಬುದು ಇಲ್ಲಿ ಪ್ರಮಾಣವಾಗಲಾರದು.

ಸಣ್ಣಗಾಗಲೆಂದು ಉಪವಾಸ ಮಾಡುವುದಂತೂ ಅವಿವೇಕ. ಎದೆಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿಗಳಷ್ಟು ಆಹಾರ ಹೆಚ್ಚಾಗಿಯೇ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಆದುದರಿಂದಲೇ ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶದ ಗುಳಿಗೆ ತೆಗೆದುಕೊಳ್ಳಬೇಕೆಂಬ ವಿಧಿಯಿದೆ. ರಕ್ತವಿಲ್ಲದ ದೇಹಕ್ಕೆ ವ್ಯಾಯಾಮವು ಆಯಾಸವನ್ನಲ್ಲದೆ ಬಲವನ್ನು ಕೊಡದು.

ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಎದೆನೋವು, ಏದುಸಿರು, ಜ್ವರ, ಅತಿಯಾದ ರಕ್ತಸ್ರಾವ, ಕಣ್ಣು ಮಂಜಾಗುವಂಥ ತಲೆನೋವು, ಇವುಗಳಲ್ಲಿ ಯಾವುದು ಕಂಡರೂ ಸಾಧನೆಯನ್ನು ನಿಲ್ಲಿಸಿ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಎರಡು ವಾರ ಕಳೆದರೂ ಮನಸ್ಸಿನ ಖಿನ್ನತೆ ನೀಗದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಕೊನೆಯದಾಗಿ ಗೃಹಸ್ಥರಿಗೆ ಒಂದು ಮಾತು. ‘ಮನೆಗೆಲಸವೇ ವ್ಯಾಯಾಮವಲ್ಲವೇ?’ ಎನ್ನುವವರುಂಟು. ನಿದ್ದೆಗೆಟ್ಟವಳು ನೀರು ಹೊತ್ತರೆ ಅದು ದುಡಿತವಾಗುವುದೇ ಹೊರತು ಸಾಧನೆಯಾಗದು. ಅವಳಿಗೆ ಬೇಕಾದುದು ದಿನಕ್ಕೆ ಅರ್ಧ ಗಂಟೆಯ ಬಿಡುವು. ಆ ಅರ್ಧ ಗಂಟೆ ಮಗುವನ್ನು ಎತ್ತಿಕೊಳ್ಳುವ ಹೊಣೆ ಗಂಡನದು, ಅತ್ತೆಮಾವಂದಿರದು, ನನ್ನಂಥ ಅಜ್ಜಂದಿರದು.

ನಮ್ಮ ಮನೆಯಲ್ಲಿ ಈಗ ಸಂಜೆ ಐದಕ್ಕೆ ಮೊಮ್ಮಗನು ನನ್ನ ವಶ. ತಾಯಿಮಗಳಿಬ್ಬರೂ ಕೂಡಿ ಕೆರೆಯ ದಾರಿಯಲ್ಲಿ ನಡೆದು ಬರುತ್ತಾರೆ. ಮಗಳಿಗೆ ಮೂರು ತಿಂಗಳಲ್ಲಿ ಬಹುಮಟ್ಟಿಗೆ ಗುಣವಾಯಿತು. ಇಪ್ಪತ್ತೊಂಬತ್ತು ವರ್ಷ ಸಹಿಸಿದ ನನ್ನ ಪತ್ನಿಗೆ ಪೂರ್ತಿ ಗುಣವಾಗಿಲ್ಲ. ಆದರೂ ಎಷ್ಟೋ ಮೇಲೆನ್ನುತ್ತಾಳೆ. ‘ಆಗಲೇ ಯಾರಾದರೂ ಹೇಳಿದ್ದರೆ!’ ಎಂದು ಅವಳು ಮೊನ್ನೆ ಅಂದ ಮಾತು ನನ್ನ ಕಿವಿಯಲ್ಲಿದೆ. ವಾಚಕರ ಮನೆಗಳಲ್ಲಿ ಬಾಣಂತಿಯರಿದ್ದರೆ ಅವರಿಗೆ ಈಗಲೇ ಹೇಳಬೇಕೆಂದು ನನ್ನ ವಿಜ್ಞಾಪನೆ.